ಸಣ್ಣ ವ್ಯಾಪಾರಸ್ಥರ ದ್ರವ್ಯವ್ಯವಸ್ಥೆ



ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಪೇಟೆಗಳು ಮಳೆಯನ್ನು ನಂಬಿದ ಪೇಟೆಗಳು. ಎರೆಯ ಭೂಮಿಯು ಹಸಿ ಹಿಡಿದು ಬೆಳೆದರೆ ಅಂಗಡಿಯ ಬಾಗಿಲಲ್ಲಿ ಗಿರಾಕಿಯು ನಿಲ್ಲುವನು. ಅದು ಬಾಯಿಬಿಟ್ಟು ಬಿರಿದರೆ ಅಂಗಡಿಕಾರನ ವಹಿಯಲ್ಲಿ ಉದ್ರಿಯ ಪುಟಗಳು ಮಾತ್ರ ಬೆಳೆಯುವವು. ಹೆಸರು ಶ್ರಾವಣ-ಭಾದ್ರಪದಗಳಲ್ಲಿ ಪೇಟೆಗೆ ಬರುವದು. ಕಡಲೆ, ಬಿಳಿಜೋಳ, ಕುಸುಬಿಗಳು ಮಾಘ-ಫಾಲ್ಗುಣಗಳಲ್ಲಿ ಬರುವವು. ನಡುವಣ ತಿಂಗಳುಗಳಲ್ಲಿ ರೈತನ ಕೈಯಲ್ಲಿ ರೋಖು ಇರುವದಿಲ್ಲ. ನೌಕರಿ ಮಾಡುವವನಿಗೆ ತಿಂಗಳಿಗೊಮ್ಮೆ ಪಗಾರ ಬರುವದು, ತಿಂಗಳಿಗೊಮ್ಮೆ ಖರ್ಚು ಬರುವದು. ಈ ಭಾಗದ ಅಂಗಡಿಕಾರನಿಗಾದರೋ ಆದಾಯವು ವರ್ಷಕ್ಕೆ ಎರಡು ಸಲ ಬರುವದು. ಖರ್ಚು ಮಾತ್ರ ದಿನಾಲು ಬಾಗಿಲು ಬಡಿಯುವದು. ಆತನ ದ್ರವ್ಯವ್ಯವಸ್ಥೆಯ ತೊಡಕೆಲ್ಲವೂ ಇದೊಂದರಲ್ಲಿ ಅಡಗಿದೆ.

ಈ ತೊಡಕು ಇಂದು ನಿನ್ನೆಯದಲ್ಲ. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆದಾಗ ಅಲ್ಲಿಯ ಹತ್ತಿಯು ವಿಲಾಯತಿಯ ಗಿರಣಿಗಳಿಗೆ ತಲುಪದಾಯಿತು. ಆಗ ಮುಂಬಯಿ ಇಲಾಖೆಯ ಹತ್ತಿಗೆ, ಅದರಲ್ಲಿ ಧಾರವಾಡ ಜಿಲ್ಲೆಯ ಹತ್ತಿಗೂ, ಹಿಂದೆಂದೂ ಕಾಣದ ಬೆಲೆ ಬಂದಿತು. ಹಣ ಬಂದಿತೆಂದು ಸಾಲಗಾರನು ಮತ್ತಷ್ಟು ಸಾಲ ಕೇಳಿದನು. ಬೆಲೆ ನಿಲ್ಲುವದೆಂದು ಸಾವಕಾರನು ಮತ್ತಷ್ಟು ಸಾಲ ಕೊಟ್ಟನು. ಯುದ್ಧವು ತೀರಿತು, ಬೆಲೆ ಬಿದ್ದಿತು, ಮುಂಬಯಿಯ ದೊಡ್ಡ ದೊಡ್ಡ ಪೇಢಿಗಳು ಮುಳುಗಿದವು. ಬೆಲೆಯು ಇಳಿದಷ್ಟು ಬೇಗ ಸಾಲವು ಇಳಿಯಲಿಲ್ಲ. ಪುಣೆ, ಅಹಮದನಗರಗಳ ಕಡೆಗೆ 1875ರಲ್ಲಿ ರೈತರು ಸಾಲಪತ್ರಗಳನ್ನು ಕಸಿದು ಸುಟ್ಟುಹಾಕಿದರು. ಅದರ ಬೆನ್ನಿಗೇ 1876-78ರ ಮಹಾ ಬರಗಾಲವು ಬಂದಿತು. ಅಗ್ಗದ ದಿನಗಳಲ್ಲಿ ಕೂಡಿಡಲಿಲ್ಲವೆಂದು ಆ ಜನರನ್ನು ಹಳಿಯುವದು ಸುಲಭವಾದರೂ ನ್ಯಾಯವಲ್ಲ. ಕೂಡಿಟ್ಟ ಹಣಕ್ಕೆ ಒಂದು ಭದ್ರವಾದ ಸ್ಥಳವಾಗಲಿ, ಹದವಾದ ಬಡ್ಡಿಗೆ ಸಾಲ ಕೊಡುವ ಒಂದು ಸಂಸ್ಥೆಯಾಗಲಿ ಅವರ ಪಾಲಿಗೆ ಇರಲಿಲ್ಲ.

ಅಂಥ ಸಂಸ್ಥೆಯು ಹುಟ್ಟಿದ್ದು ಈ ನಾಡಿನಲ್ಲಿಯೇ ಎಂಬದು ಅಭಿಮಾನಪಡತಕ್ಕ ಸಂಗತಿಯಾಗಿದೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಬಂದಿತು. ಮರುವರ್ಷವೇ, 1905ರ ಮೇ 8ನೇ ತಾರೀಖಿಗೆ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಶ್ರೀ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವು ನೋಂದಣಿಯಾಯಿತು. ಹಿಂದುಸ್ಥಾನದ ಮೊದಲನೆಯ ಕೃಷಿ ಪತ್ತಿನ ಸಂಘವೆಂದು ಅದನ್ನು ಎಣಿಸುತ್ತಾರೆ. ಮುಂದಿನ ದಶಕದಲ್ಲಿ ಹುಬ್ಬಳ್ಳಿ, ಗದಗಗಳಲ್ಲಿ ಹತ್ತಿಯನ್ನು ಕೂಡಿ ಮಾರುವ ಸಹಕಾರಿ ಸಂಘಗಳೂ ಹುಟ್ಟಿದವು. ಒಬ್ಬೊಬ್ಬನಾಗಿ ನಿಂತರೆ ಪತ್ತು ಇಲ್ಲದವನಿಗೆ ಹತ್ತು ಜನರು ಕೂಡಿ ನಿಂತಾಗ ಪತ್ತು ಉಂಟಾಗುವದೆಂಬ ತತ್ವವನ್ನು ಒಂದು ಹಳ್ಳಿಯು ದೇಶಕ್ಕೆ ತೋರಿಸಿಕೊಟ್ಟಿತು. ಆದರೆ ಸಂಘವಿದ್ದ ಮಾತ್ರಕ್ಕೆ ಸಾಲದು. ಸಂಘದಿಂದ ತಂದ ಹಣವು ಅಂಗಡಿಯಲ್ಲಿ ಉಳಿಯಿತೋ, ಮನೆಯ ಒಲೆಯೊಳಗೆ ಹೋಯಿತೋ ಎಂಬದನ್ನು ಅಂಗಡಿಕಾರನೇ ನೋಡಿಕೊಳ್ಳತಕ್ಕದ್ದು.

ಹೆಚ್ಚಿನ ಅಂಗಡಿಗಳು ಕೆಡುವದು ವ್ಯಾಪಾರವಿಲ್ಲದೆ ಅಲ್ಲ. ಗಲ್ಲಾಪೆಟ್ಟಿಗೆಯೂ ಮನೆಯ ಗಂಟೂ ಒಂದೇ ಆಗಿರುವದರಿಂದ. ಒಂದು ಲೆಕ್ಕವನ್ನು ನೋಡಿರಿ. ರೋಣದ ಪೇಟೆಯಲ್ಲಿ ಒಬ್ಬ ಕಿರಾಣಿ ಅಂಗಡಿಕಾರನಿಗೆ ದಿನಕ್ಕೆ 10,000 ರೂಪಾಯಿಯ ವ್ಯಾಪಾರವಾಗುವದೆಂದು ಎಣಿಸಿರಿ. ನೂರಕ್ಕೆ ಎಂಟರಂತೆ ಲಾಭವು 800 ರೂಪಾಯಿ. ಬಾಡಿಗೆ, ವಿದ್ಯುತ್ತು, ಹುಡುಗನ ಪಗಾರ, ಗಾಡಿಯ ಹಮಾಲಿ ಇವೆಲ್ಲ ಕೂಡಿ 350 ಹೋದರೆ ಉಳಿಯುವದು 450. ಸಂಜೆಗೆ ಪೆಟ್ಟಿಗೆಯನ್ನು ತೆರೆದಾಗ ಆತನ ಕಣ್ಣಿಗೆ ಬೀಳುವದು 450 ಅಲ್ಲ, 10,000. ಆದುದರಿಂದ ಮಗನ ಶಾಲೆಗೆ, ಬೀಗರ ಮನೆಯ ಮುಯ್ಯಿಗೆ, ಮೊಬೈಲಿಗೆಂದು ದಿನಕ್ಕೆ 900ರಂತೆ ತೆಗೆದರೂ ಆತನಿಗೆ ಅದು ಹೆಚ್ಚೆಂದು ಅನಿಸುವದಿಲ್ಲ. ಆತನು ಪ್ರತಿನಿತ್ಯ 450 ರೂಪಾಯಿ ಭಾಂಡವಲನ್ನೇ ತಿನ್ನುತ್ತಿರುವನು. ವರ್ಷದ 360 ದಿನಗಳಿಗೆ ಅದು 1,62,000 ರೂಪಾಯಿ. ಎರಡನೆಯ ವರ್ಷ ಅಂಗಡಿಯ ಹಲಗೆಗಳು ಬರಿದಾದಾಗ ಆತನು ‘ಪೇಟೆ ಕೆಟ್ಟಿತು’ ಎನ್ನುವನು. ಪೇಟೆಯು ಇದ್ದಂತೆಯೇ ಇದೆ.

ಇದಕ್ಕೆ ಪರಿಹಾರವು ಹಳೆಯ ಮುನೀಮರಿಗೆ ಗೊತ್ತಿದ್ದದ್ದೇ. ಧಣಿಯ ಹೆಸರಿನಲ್ಲಿಯೂ ಒಂದು ಖಾತೆಯನ್ನು ತೆಗೆದು, ಆತನು ಒಯ್ದದ್ದನ್ನೆಲ್ಲ ಅದರಲ್ಲಿ ಖರ್ಚು ಹಾಕುತ್ತಿದ್ದರು. ಇಂದಿನ ಅಂಗಡಿಕಾರನು ತನಗೆ ತಾನೇ ತಿಂಗಳ ಪಗಾರವನ್ನು ಗೊತ್ತುಮಾಡಿಕೊಳ್ಳಬೇಕು. ಬ್ಯಾಂಕಿನಲ್ಲಿ ಅಂಗಡಿಗೊಂದು, ಮನೆಗೊಂದು ಎರಡು ಖಾತೆಗಳನ್ನು ಇಡಬೇಕು. ಮನೆಯ ಖರ್ಚು ಮನೆಯ ಖಾತೆಯಿಂದಲೇ ಹೋಗಬೇಕು. ಮಗನು ಅಂಗಡಿಯಿಂದ ಬಿಸ್ಕೀಟಿನ ಪುಡಿಕೆ ಒಯ್ದರೂ ಬರೆಯಬೇಕೇ ಎಂದು ನಗುವವರುಂಟು. ಬರೆಯಬೇಕು. ಒಂದು ಪುಡಿಕೆಯ ಬೆಲೆಯು ಅಲ್ಪವಾದುದೇ, ಆದರೆ ಬರೆಯುವ ರೂಢಿಯು ಅಲ್ಪವಾದುದಲ್ಲ. ದೀಪಾವಳಿಯ ಪಾಡ್ಯದಲ್ಲಿ ವಹಿಗೆ ಅರಿಷಿಣ ಕುಂಕುಮ ಹಚ್ಚಿ ಪೂಜಿಸುವವರು ಉಳಿದ ದಿವಸಗಳಲ್ಲಿ ಅದನ್ನು ತೆರೆಯದಿದ್ದರೆ ಆ ಪೂಜೆಗೆ ಫಲವೇನು?

ಎರಡನೆಯ ಮಾತು ಉದ್ರಿಯದು. ಅದೇ ಅಂಗಡಿಕಾರನು ದಿನಕ್ಕೆ 3,000 ರೂಪಾಯಿಯ ಸಾಮಾನನ್ನು ಉದ್ರಿ ಕೊಡುವನೆಂದೂ, ಅದು ಸುಗ್ಗಿಯಲ್ಲಿ, ಎಂದರೆ ಐದು ತಿಂಗಳ ಮೇಲೆ ತಿರುಗಿ ಬರುವದೆಂದೂ ಎಣಿಸಿರಿ. 150 ದಿನಗಳಿಗೆ ಹೊರಗೆ ನಿಂತ ಬಾಕಿಯು 4,50,000. ಆತನ ಲಾಭವನ್ನು ಕಳೆದರೂ ಅದರಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿ ಅಸಲು ಸಿಕ್ಕಿಬಿದ್ದಿರುವದು. ಆ ನಾಲ್ಕು ಲಕ್ಷವನ್ನು ತಿಂಗಳಿಗೆ ನೂರಕ್ಕೆ ಎರಡರಂತೆ ಸಾಲ ತಂದಿದ್ದರೆ ಬಡ್ಡಿಯೇ 8,000 ರೂಪಾಯಿ. ತಿಂಗಳ ಲಾಭವು 13,500. ಉಳಿದ 5,500ರಲ್ಲಿ ಒಂದು ಕುಟುಂಬವು ಬಾಳಬೇಕು. ವ್ಯಾಪಾರ ಮಾಡುವವನು ಆತನು, ಲಾಭವನ್ನುಣ್ಣುವವನು ಬೇರೊಬ್ಬನು.

ಉದ್ರಿಯನ್ನೇ ನಿಲ್ಲಿಸಬೇಕೆಂದು ಹೇಳುವವರು ಈ ಭಾಗದ ಪೇಟೆಯನ್ನು ಅರಿಯದವರು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದ 2023ರಂಥ ವರ್ಷದಲ್ಲಿ ಅಂಗಡಿಕಾರನು ಕೈ ಹಿಡಿಯದಿದ್ದರೆ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಕ್ಕಿಲ್ಲ. ಕಾಲುವೆಯ ನೀರನ್ನು ನಂಬಿದ ನರಗುಂದದ ರೈತನ ಪಾಡೂ ಬೇರೆಯಲ್ಲ. ಮಲಪ್ರಭೆಯ ಯೋಜನೆಯ ಅಭಿವೃದ್ಧಿ ಕರದ ಭಾರವನ್ನು ತಾಳಲಾರದೆ ಅಲ್ಲಿ 1980ರ ಜುಲೈ 21ರಂದು ರೈತರು ಎದ್ದು ನಿಂತದ್ದು ನಾಡಿಗೆಲ್ಲ ಗೊತ್ತಿದೆ. ರೈತನ ಕೈ ಕಟ್ಟಿದಾಗ ಅಂಗಡಿಕಾರನ ಕೈಯೂ ಕಟ್ಟುವದು. ಕಷ್ಟಕಾಲದಲ್ಲಿ ಕೊಟ್ಟವನನ್ನು ಊರು ಮರೆಯುವದಿಲ್ಲ. ಅವನ ಅಂಗಡಿಯನ್ನು ಬಿಟ್ಟು ಗಿರಾಕಿಯು ಪಟ್ಟಣದ ದೊಡ್ಡ ಮಳಿಗೆಗೆ ಹೋಗದಿರುವದೂ ಅದರಿಂದಲೇ. ಆದುದರಿಂದ ಉದ್ರಿಗೆ ಒಂದು ಎಲ್ಲೆ ಬೇಕು, ಅಷ್ಟೇ. ಸ್ವಂತದ ಭಾಂಡವಲಿನಲ್ಲಿ ಎಷ್ಟನ್ನು ಹೊರಗೆ ಬಿಟ್ಟರೂ ಅಂಗಡಿಯು ನಡೆಯುವದೋ ಅಷ್ಟೇ ಆ ಎಲ್ಲೆ. ಸಾಲದ ಹಣವನ್ನು ಉದ್ರಿ ಕೊಡುವದೆಂದರೆ ಪರರ ಗಡಿಗೆಯಿಂದ ನೀರು ತಂದು ಅರವಟ್ಟಿಗೆ ಇಟ್ಟ ಹಾಗೆ. ಪ್ರತಿ ಮನೆಗೂ ಒಂದು ಮಿತಿಯನ್ನು ಮನಸ್ಸಿನಲ್ಲಿಯಲ್ಲ, ವಹಿಯಲ್ಲಿ ಬರೆದಿಡಬೇಕು. ಬಾಕಿಗೆ ತಿಂಗಳಿಗೊಮ್ಮೆ ಗಿರಾಕಿಯ ಸಹಿ ಬೀಳಬೇಕು. ಸಹಿಯನ್ನು ಕೇಳಿದರೆ ಸಂಬಂಧವು ಕೆಡುವದೆಂದು ಅಂಜುವವರು, ಸಹಿಯಿಲ್ಲದ ಬಾಕಿಯಿಂದ ಕೆಟ್ಟ ಸಂಬಂಧಗಳನ್ನು ಎಣಿಸಿ ನೋಡಬೇಕು.

ಗಜೇಂದ್ರಗಡದ ನೇಕಾರನ ಸ್ಥಿತಿಯು ಅಂಗಡಿಕಾರನದಕ್ಕಿಂತ ತುಸು ಬೇರೆ. ಪಟ್ಟೆದಂಚಿನ ಸೀರೆಯಿಂದ ಆ ಊರಿಗೆ ಹೆಸರು ಬಂದಿದೆ. ಆದರೆ ಒಂದು ಸೀರೆಗೆ ತನಗೆಷ್ಟು ತಗಲುವದೆಂಬದನ್ನು ಎಷ್ಟು ಜನ ನೇಕಾರರು ಸರಿಯಾಗಿ ಹೇಳಬಲ್ಲರು? ನೂಲು, ಬಣ್ಣಗಳ ಬೆಲೆಯನ್ನು ಎಣಿಸುವರು. ಲಾಳಿಗೆ ಕಂಡಿಕೆಯನ್ನು ಸುತ್ತಿಕೊಟ್ಟ ತಾಯಿಯ ಕೂಲಿಯನ್ನಾಗಲಿ, ಹಾಸು ಹೂಡಲಿಕ್ಕೆ ಕೈಕೊಟ್ಟ ಹೆಂಡತಿಯ ಕೂಲಿಯನ್ನಾಗಲಿ, ಮಗ್ಗದ ಸವಕಳಿಯನ್ನಾಗಲಿ, ಮಳೆಗಾಲದಲ್ಲಿ ಕುಣಿಮಗ್ಗಕ್ಕೆ ತೇವ ಹಿಡಿದು ಕೆಲಸ ನಿಂತ ದಿನಗಳನ್ನಾಗಲಿ ಎಣಿಸುವದಿಲ್ಲ. ಮನೆಯ ಹೆಣ್ಣುಮಕ್ಕಳ ಕಾಯಕವನ್ನು ಲೆಕ್ಕದಿಂದ ಬಿಟ್ಟ ನೇಕಾರನು ಸೀರೆಯನ್ನು ಅಗ್ಗದಲ್ಲಿ ಕೊಟ್ಟು, ಕೊಂಡವನಿಗೆ ಅವರ ದುಡಿಮೆಯನ್ನು ದಾನ ಮಾಡುತ್ತಿರುವನು. ಇದು ಲೆಕ್ಕದ ದೋಷವಷ್ಟೇ ಅಲ್ಲ, ಧರ್ಮದ ದೋಷವೂ ಹೌದು. ಶರಣರ ಕಾಲದಲ್ಲಿ ಆಯ್ದಕ್ಕಿಯ ಲಕ್ಕಮ್ಮನು ಗಂಡನು ತಂದ ಅಕ್ಕಿಯು ಅಂದಿನ ಕಾಯಕಕ್ಕೆ ಮೀರಿದ್ದೆಂದು ಕಂಡು ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದ ಕಥೆಯನ್ನು ಎಲ್ಲರೂ ಬಲ್ಲರು. ಮನೆಯ ಲೆಕ್ಕವನ್ನು ಅಷ್ಟು ನಿಖರವಾಗಿ ಹಿಡಿದವಳು ಒಬ್ಬ ಹೆಣ್ಣುಮಗಳೆಂಬದನ್ನು ಮಾತ್ರ ಮರೆತುಬಿಡುತ್ತಾರೆ.

ನೇಕಾರನಿಗೆ ಕಾಯಿದೆಯ ಒಂದು ಆಸರೆಯೂ ಇದೆ. 2006ರ ಸೂಕ್ಷ್ಮ, ಸಣ್ಣ ಹಾಗೂ ಮಧ್ಯಮ ಉದ್ಯಮಗಳ ಕಾಯಿದೆಯ ಪ್ರಕಾರ, ಉದ್ಯಮ ನೋಂದಣಿ ಮಾಡಿಸಿದ ಸಣ್ಣ ಉತ್ಪಾದಕನಿಂದ ಮಾಲನ್ನು ಕೊಂಡವನು ಬರಹದ ಕರಾರು ಇದ್ದರೆ ಹೆಚ್ಚೆಂದರೆ 45 ದಿನಗಳೊಳಗೆ, ಕರಾರು ಇಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡತಕ್ಕದ್ದು. ತಪ್ಪಿದರೆ ಚಕ್ರಬಡ್ಡಿಯನ್ನು ಕೊಡಬೇಕಾಗುವದು. ಆದಾಯ ಕರದ ಕಾಯಿದೆಗೆ ಸೇರಿಸಿದ ಒಂದು ಕಲಮಿನಿಂದಾಗಿ, 2024-25ರ ಕರನಿರ್ಧಾರ ವರ್ಷದಿಂದ, ಹೀಗೆ ತಡೆದಿಟ್ಟ ಹಣವನ್ನು ಕೊಳ್ಳುವವನು ಕೊಡುವ ತನಕ ತನ್ನ ಖರ್ಚಿನಲ್ಲಿ ತೋರಿಸಲಿಕ್ಕೆ ಬರದಾಯಿತು. ಬರೀ ಕೊಂಡು ಮಾರುವ ವ್ಯಾಪಾರಸ್ಥನಿಗೆ ಈ ಆಸರೆಯು ದೊರೆಯದು. ಆತನ ನೋಂದಣಿಯು ಬ್ಯಾಂಕಿನ ಸಾಲದ ಸೌಕರ್ಯಕ್ಕೆ ಮಾತ್ರ ಉಪಯೋಗವಾಗುವದು. ನೇಕಾರನು ನೋಂದಣಿ ಮಾಡಿಸಿ, ಮಾಲನ್ನು ಕೊಟ್ಟಾಗ ಬಿಲ್ಲನ್ನು ಬರೆದು ಕೊಡಬೇಕು. ಬಿಲ್ಲಿಲ್ಲದವನಿಗೆ ಯಾವ ಕಾಯಿದೆಯೂ ಕೆಲಸಕ್ಕೆ ಬಾರದು. 2020ರ ಮಾರ್ಚ 25ರಿಂದ ದೇಶವೆಲ್ಲ ಬಾಗಿಲು ಹಾಕಿದಾಗ ಮಗ್ಗದ ಸಪ್ಪಳವು ನಿಂತಿತು, ನೂಲಿನ ಬಾಕಿಯು ನಿಲ್ಲಲಿಲ್ಲ. ಆರು ತಿಂಗಳ ಮನೆಯ ಖರ್ಚನ್ನು ಮುಟ್ಟದೆ ಬೇರೆ ಇಡಬೇಕೆಂದು ತಿಳಿದವರು ಹೇಳುವದು ಇಂಥ ದಿನಗಳಿಗಾಗಿಯೇ. ಆರು ತಿಂಗಳದು ಕೂಡದಿದ್ದರೆ ಒಂದು ತಿಂಗಳದಾದರೂ ಇರಲಿ. ಸುಗ್ಗಿಯ ತಿಂಗಳಲ್ಲಿ ಮೊದಲು ತೆಗೆದಿಡತಕ್ಕ ಹಣವು ಅದು. ಉಳಿದರೆ ಇಡುವೆನೆನ್ನುವವನಿಗೆ ಎಂದೂ ಉಳಿಯದು.

ಸಾಲದ ವಿಷಯದಲ್ಲಿ ಮೋಸ ಹೋಗುವದು ಬಡ್ಡಿಯ ದರದಿಂದಲ್ಲ, ದರವನ್ನು ಹೇಳುವ ರೀತಿಯಿಂದ. ‘ನೂರಕ್ಕೆ ಮೂರು’ ಎಂದರೆ ಕಿವಿಗೆ ಹಗುರಾಗಿ ಕೇಳುವದು; ವರ್ಷಕ್ಕೆ ಅದು ಮೂವತ್ತಾರು. ಇನ್ನು ಪೇಟೆಯಲ್ಲಿ ದಿನಾಲು ವಸೂಲು ಮಾಡುವವರ ಕ್ರಮವಿದೆ. 10,000ದ ಸಾಲವೆಂದು ಬರೆದು, 1,000ವನ್ನು ಮೊದಲೇ ಮುರಿದುಕೊಂಡು 9,000 ಕೈಯಲ್ಲಿಟ್ಟು, ನೂರು ದಿನ ನೂರರಂತೆ ತಿರುಗಿ ಪಡೆಯುವರು. ಸಾವಿರವೇ ತಾನೆ ಹೋಯಿತೆಂದು ಅಂಗಡಿಕಾರನು ಸಮಾಧಾನ ಪಡುವನು. ಆದರೆ ಆ 9,000ವು ಪೂರ್ತಿ ನೂರು ದಿನ ಆತನ ಕೈಯಲ್ಲಿ ಇರುವದಿಲ್ಲ. ಮರುದಿನದಿಂದಲೇ ಕರಗುತ್ತ ಹೋಗುವದು. ಸರಿಯಾಗಿ ಲೆಕ್ಕ ಹಾಕಿದರೆ ಆ ಬಡ್ಡಿಯು ವರ್ಷಕ್ಕೆ ನೂರಕ್ಕೆ 75ನ್ನು ಮೀರುವದು. ಕಿರುಕುಳದ ವಸೂಲಿಯನ್ನು ತಡೆಯಲಿಕ್ಕೆ 2025ರಲ್ಲಿ ಕರ್ನಾಟಕ ಸರಕಾರವು ಕಿರುಸಾಲಗಳ ಬಗ್ಗೆ ಹೊಸ ಕಾಯಿದೆಯನ್ನು ತಂದಿತು. ಆ ಕಾಯಿದೆಯು ಬಾಗಿಲಿಗೆ ಬಂದ ವಸೂಲಿಗಾರನನ್ನು ತಡೆಯಬಹುದು. ಆತನ ಬಾಗಿಲಿಗೆ ಹೋಗುವ ಕಾಲನ್ನು ತಡೆಯಲಾರದು. 2015ರ ಏಪ್ರಿಲ್ 8ರಿಂದ ನಡೆದಿರುವ ಮುದ್ರಾ ಯೋಜನೆಯಲ್ಲಿ ಶಿಶು ಎಂಬ ಮೊದಲ ಮೆಟ್ಟಿಲಿಗೆ 50,000 ರೂಪಾಯಿಯ ವರೆಗೆ, ಕಿಶೋರ ಎಂಬದಕ್ಕೆ 5 ಲಕ್ಷದ ವರೆಗೆ, ತರುಣ ಎಂಬದಕ್ಕೆ 10 ಲಕ್ಷದ ವರೆಗೆ ಒತ್ತೆಯಿಲ್ಲದೆ ಸಾಲ ದೊರೆಯುವದು. ಹಿಂದಿನ ತರುಣ ಸಾಲವನ್ನು ಸರಿಯಾಗಿ ತೀರಿಸಿದವನಿಗೆ 2024ರಿಂದ ಈ ಮಿತಿಯನ್ನು 20 ಲಕ್ಷಕ್ಕೆ ಏರಿಸಲಾಗಿದೆ. ಬ್ಯಾಂಕು ಕಾಗದಪತ್ರಗಳನ್ನು ಕೇಳುವದು, ನಾಲ್ಕು ಸಲ ತಿರುಗಿಸುವದು, ಅದು ನಿಜ. ಆ ತಿರುಗಾಟವನ್ನು ತಪ್ಪಿಸುವದೂ ಮತ್ತೆ ವಹಿಯೇ.

ಕೂಡಿಟ್ಟ ಹಣವನ್ನು ಎಲ್ಲಿ ಇಡಬೇಕೆಂಬದರಲ್ಲಿಯೂ ಒಂದು ಎಚ್ಚರವು ಅವಶ್ಯ. ಬ್ಯಾಂಕುಗಳ ಠೇವಿಗೆ, ಸಹಕಾರಿ ಬ್ಯಾಂಕುಗಳದಕ್ಕೂ ಕೂಡ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿಯ ವರೆಗೆ ವಿಮೆಯಿದೆ. 2020ರ ಫೆಬ್ರುವರಿಯ ವರೆಗೆ ಇದು ಒಂದೇ ಲಕ್ಷವಿತ್ತು. ಪತ್ತಿನ ಸಹಕಾರಿ ಸಂಘಗಳ ಠೇವಿಗೆ ಈ ವಿಮೆಯಿಲ್ಲ. ಕಣಗಿನಹಾಳದ ಪರಂಪರೆಯ ಈ ನಾಡಿನಲ್ಲಿ ಒಳ್ಳೆಯ ಸಂಘಗಳು ಬಹಳ ಇವೆ. ಆದರೂ ಹೆಚ್ಚಿನ ಬಡ್ಡಿಯ ಆಸೆಯಿಂದ ಇದ್ದುದೆಲ್ಲವನ್ನು ಒಂದೇ ಸಂಘದಲ್ಲಿಡುವವನು ಅದರ ವಾರ್ಷಿಕ ಸಭೆಗೆ ಹೋಗಿ ಬಾಕಿದಾರರ ಲೆಕ್ಕವನ್ನು ಕೇಳಬೇಕು. ಊಟದ ಪಂಕ್ತಿಗೆ ಮಾತ್ರ ಹೋಗಿ ಬರುವ ಸದಸ್ಯನಿಂದ ಸಂಘಕ್ಕೂ ಹಿತವಿಲ್ಲ, ಆತನಿಗೂ ಹಿತವಿಲ್ಲ.

ಕರದ ಮಾತೂ ಬಂದೇ ಬರುವದು. 2025ರ ಜುಲೈ ತಿಂಗಳಲ್ಲಿ ವಾಣಿಜ್ಯ ತೆರಿಗೆಗಳ ಇಲಾಖೆಯು ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕವನ್ನು ಹಿಡಿದು ರಾಜ್ಯದ ಸಣ್ಣ ವ್ಯಾಪಾರಸ್ಥರಿಗೆ ನೋಟೀಸುಗಳನ್ನು ಕಳಿಸಿದಾಗ ಪೇಟೆಗಳಲ್ಲಿ ದಿಗಿಲು ಹುಟ್ಟಿತು. ಕೆಲವರು ಗೋಡೆಯ ಮೇಲಿನ ಚೀಟಿಯನ್ನೇ ಕಿತ್ತುಹಾಕಿದರು. ನೋಂದಣಿ ಮಾಡಿಸಿಕೊಳ್ಳಬೇಕೆಂದು ಹೇಳಿ ಹಳೆಯ ಬಾಕಿಯ ವಸೂಲಿಯನ್ನು ಸರಕಾರವು ಆಮೇಲೆ ಕೈಬಿಟ್ಟಿತು. ಸಾಮಾನು ಮಾರುವವನಿಗೆ ವರ್ಷದ ವ್ಯಾಪಾರವು 40 ಲಕ್ಷವನ್ನು ದಾಟಿದರೆ ಜಿ.ಎಸ್.ಟಿ. ನೋಂದಣಿಯು ಬೇಕು, ಕರವಿಲ್ಲದ ವಸ್ತುಗಳನ್ನು ಮಾತ್ರ ಮಾರುವವನಿಗೆ ಬೇಡ. ಮೇಲೆ ಹೇಳಿದ ಕಿರಾಣಿಯವನ ವ್ಯಾಪಾರವು 36 ಲಕ್ಷ. ಒಂದು ಒಳ್ಳೆಯ ಸುಗ್ಗಿಯು ಆತನನ್ನು ಗೆರೆಯಾಚೆಗೆ ದಾಟಿಸುವದು. ಮಗಳ ಮದುವೆಗೆ ಅಳಿಯನು ಕಳಿಸಿದ ಹಣವೂ ಅದೇ ಖಾತೆಗೆ ಬಂದಿದ್ದರೆ ವ್ಯಾಪಾರವೆಷ್ಟು, ಬೀಗತನವೆಷ್ಟು ಎಂದು ಅಧಿಕಾರಿಗೆ ತಿಳಿಸುವದು ಹೇಗೆ? ಎರಡು ಖಾತೆಗಳ ಅವಶ್ಯಕತೆಯು ಇಲ್ಲಿಯೂ ಕಂಡುಬರುವದು.

ದಾಸೋಹದ ಬಗ್ಗೆ ಶ್ರೀಮಠದ ಸನ್ನಿಧಿಯಲ್ಲಿಯೇ ಒಂದು ಮಾತನ್ನು ಬಿಚ್ಚಿ ಆಡುವದು ಯೋಗ್ಯ. ಜಾತ್ರೆಯ ಪಟ್ಟಿಗೆ, ಪ್ರಸಾದದ ಸೇವೆಗೆ ಹೆಸರು ಬರೆಸುವಾಗ ನೆರೆಯವನಿಗಿಂತ ಒಂದು ಕೈ ಹೆಚ್ಚಾಗಬೇಕೆಂದು ಬಡ್ಡಿಗೆ ತಂದು ಕೊಡುವವರು ಇದ್ದಾರೆ. ಕಾಯಕದಿಂದ ಬಂದುದರಲ್ಲಿ ಸಲ್ಲಿಸುವದು ದಾಸೋಹ. ನೂಲಿನವನಿಗೆ, ದಲಾಲಿಗೆ ಕೊಡಬೇಕಾದ ಹಣವನ್ನು ತಡೆದು ಮಠಕ್ಕೆ ಸಲ್ಲಿಸಿದರೆ ಆ ಸೇವೆಯನ್ನು ಮಾಡಿದವನು ನೂಲಿನವನು, ಹೆಸರು ಮಾತ್ರ ಈತನದು. ವರ್ಷದ ಲಾಭವನ್ನು ಪಾಡ್ಯದಲ್ಲಿ ತೆಗೆದು, ಅದರಲ್ಲಿ ಇಂತಿಷ್ಟೆಂದು ಭಾಗವನ್ನು ಗೊತ್ತುಮಾಡಿ ಇಡುವವನ ಸೇವೆಯು ಸಣ್ಣದಾದರೂ ವರ್ಷ ವರ್ಷವೂ ತಪ್ಪದು. ಮದುವೆಯ ಖರ್ಚಿಗೂ ಇದೇ ಅಳತೆ.

2009ರ ಅಕ್ಟೋಬರದಲ್ಲಿ, ತಿರುಗಿ 2019ರ ಆಗಸ್ಟದಲ್ಲಿ ಮಲಪ್ರಭೆಯು ತುಂಬಿ ಬಂದಾಗ ಹೊಳೆಆಲೂರು, ಕೊಣ್ಣೂರುಗಳ ಕಡೆಗೆ ನೀರು ಊರೊಳಗೆ ನುಗ್ಗಿತು. ಅಂಗಡಿಯ ಮಾಲಿಗೆ ವಿಮೆಯನ್ನು ಇಳಿಸುವದು ಪಟ್ಟಣದವರ ಚಾಳಿಯೆಂದು ತಿಳಿಯುವ ಕಾಲವು ಹೊಳೆಯ ದಂಡೆಯ ಊರುಗಳಲ್ಲಿಯಾದರೂ ಮುಗಿದಿದೆ. ವಿಮೆಯ ಕಾಗದದಲ್ಲಿ ಬೆಂಕಿಯ ಸಂಗಡ ನೆರೆಯ ಹೆಸರೂ ಇದೆಯೋ ಇಲ್ಲವೋ ಎಂಬದನ್ನು ಓದಿಸಿ ಕೇಳಬೇಕು. ಜೀವದ ವಿಮೆಯಂತೂ ಇನ್ನೂ ಸುಲಭ. ಬ್ಯಾಂಕಿನ ಖಾತೆಯಿಂದಲೇ ವರ್ಷಕ್ಕೆ 436 ರೂಪಾಯಿ ಕಟ್ಟಿದರೆ ಜೀವನಜ್ಯೋತಿ ಯೋಜನೆಯಲ್ಲಿ 2 ಲಕ್ಷ, 20 ರೂಪಾಯಿ ಕಟ್ಟಿದರೆ ಸುರಕ್ಷಾ ಯೋಜನೆಯಲ್ಲಿ ಅಪಘಾತಕ್ಕೆ 2 ಲಕ್ಷ ದೊರೆಯುವದು. ಮೊದಲನೆಯದಕ್ಕೆ 18ರಿಂದ 50, ಎರಡನೆಯದಕ್ಕೆ 18ರಿಂದ 70 ವರ್ಷದೊಳಗಿನವರು ಸೇರಬಹುದು.

ಇಷ್ಟೆಲ್ಲ ಮಾಡಿದವನ ಮನೆಯಲ್ಲಿಯೂ ಒಂದು ಕೊರತೆಯು ಸಾಮಾನ್ಯವಾಗಿ ಉಳಿದುಬಿಡುವದು. ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು, ಯಾವ ಸಂಘದಲ್ಲಿ ಠೇವು ಇದೆ, ತಿಜೋರಿಯ ಕೀಲಿಕೈ ಎಲ್ಲಿದೆ ಎಂಬದು ಆತನೊಬ್ಬನಿಗೇ ಗೊತ್ತಿರುವದು. ಆತನು ಹಠಾತ್ತಾಗಿ ಲಿಂಗೈಕ್ಯನಾದರೆ ಕೊಡಬೇಕಾದವರು ಸುಮ್ಮನಾಗುವರು, ಬರಬೇಕೆನ್ನುವವರು ಮೂರನೆಯ ದಿನಕ್ಕೇ ಬಾಗಿಲಿಗೆ ಬರುವರು. ಹೆಂಡತಿಗೆ ಇಬ್ಬರಲ್ಲಿ ಯಾರ ಮಾತನ್ನೂ ಅಳೆಯಲಿಕ್ಕೆ ಆಧಾರವಿರದು. ಆದುದರಿಂದ ದೀಪಾವಳಿಯ ಪಾಡ್ಯದಂದು ವಹಿಯ ಶಿಲ್ಕು ತೆಗೆದ ಬಳಿಕ, ಇದೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಹೆಂಡತಿಗೆ ಓದಿ ಹೇಳಿ ಆಕೆಯ ಕೈಯಲ್ಲಿಯೇ ಕೊಡತಕ್ಕದ್ದು. ಪ್ರತಿಯೊಂದು ಬ್ಯಾಂಕಿನ ಖಾತೆಯಲ್ಲಿ, ಪ್ರತಿಯೊಂದು ಠೇವಿನ ಪಾವತಿಯಲ್ಲಿ, ಪ್ರತಿಯೊಂದು ವಿಮೆಯ ಕಾಗದದಲ್ಲಿ ನಾಮನಿರ್ದೇಶನದ ಹೆಸರು ಬರೆದಿದೆಯೋ ಇಲ್ಲವೋ ಎಂಬದನ್ನೂ ಅಂದೇ ನೋಡಬೇಕು. ಮದುವೆಗೆ ಮುಂಚೆ ತೆಗೆದ ಖಾತೆಗಳಲ್ಲಿ ಆ ಸ್ಥಳದಲ್ಲಿ ತೀರಿಹೋದ ತಂದೆಯ ಹೆಸರೇ ಇನ್ನೂ ಉಳಿದಿರುವದು ಅಪರೂಪವಲ್ಲ. ಅದನ್ನು ತಿದ್ದಿಸಲಿಕ್ಕೆ ಬೇಕಾಗುವದು ಒಂದು ಅರ್ಜಿ, ಒಂದು ಮುಂಜಾವು.